ಅಲೆಕ್ಸ್ ಕಿಡ್: ಸೋನಿಕ್‌ಗೂ ಮೊದಲಿನ ಸೆಗಾ ಹುಡುಗ

ಸೆಗಾ ಕಂಪನಿಯ ಹೆಸರು ಹೇಳಿದರೆ ವಿಡಿಯೊ ಗೇಮ್ ಆಡಿದವರ ಕಣ್ಣೆದುರು ಬರುವುದು ನೀಲಿ ಮೈಯ, ಗಾಳಿಗಿಂತ ಜೋರಾಗಿ ಓಡುವ ಸೋನಿಕ್. ಆ ಸೋನಿಕ್ ಹುಟ್ಟಿದ್ದು 1991ರಲ್ಲಿ. ಅದಕ್ಕೂ ಮೊದಲಿನ ನಾಲ್ಕೂವರೆ ವರ್ಷ ಸೆಗಾದ ಮನೆಯ ಹುಡುಗ ಅನ್ನಿಸಿಕೊಂಡಿದ್ದವನು ಬೇರೊಬ್ಬ. ಕೆಂಪು ಉಡುಪು, ಅಗಲ ಕಿವಿ, ಹೊಡೆಯುವಾಗ ಬೂದುಗುಂಬಳದಷ್ಟು ಊದಿಕೊಳ್ಳುವ ಮುಷ್ಟಿ. ಹೆಸರು ಅಲೆಕ್ಸ್ ಕಿಡ್. 1986ರಿಂದ 1990ರವರೆಗೆ ಅವನ ಹೆಸರಿನಲ್ಲಿ ಆರು ಆಟಗಳು ಬಂದವು. ಆಮೇಲೆ ಮೂವತ್ತು ವರ್ಷ ಹೊಸ ಆಟ ಅಂತ ಒಂದೂ ಬರಲಿಲ್ಲ.

ಅಲೆಕ್ಸ್‌ನನ್ನು ಮೂಲೆಗೆ ತಳ್ಳಿದ್ದು ಸೋನಿಕ್ ಎಂದು ಹೇಳುವುದು ರೂಢಿ. ಆರೂ ಆಟಗಳನ್ನು ಸಾಲಾಗಿಟ್ಟು ನೋಡಿದರೆ ಈ ಮಾತು ಪೂರ್ತಿ ನಿಜ ಅನ್ನಿಸುವುದಿಲ್ಲ. ಅಲೆಕ್ಸ್ ಕಿಡ್ ಯಾರು, ಅವನ ಆಟದಲ್ಲಿ ಆಡುವವರ ಕೈಗೆ ಏನು ಸಿಗಬೇಕು ಎಂಬುದನ್ನು ಸೆಗಾ ಒಮ್ಮೆಯೂ ಗಟ್ಟಿಮಾಡಿಕೊಳ್ಳಲಿಲ್ಲ. ಸೋನಿಕ್ ಬರುವ ಹೊತ್ತಿಗೆ ಜಾಗ ಹೆಚ್ಚುಕಡಿಮೆ ಖಾಲಿಯೇ ಇತ್ತು.

ಒಂದೇ ದಿನ ಅಂಗಡಿಗೆ ಬಂದ ಎರಡು ಯಂತ್ರಗಳು

1983ರ ಜುಲೈ 15ರಂದು ಜಪಾನಿನಲ್ಲಿ ಎರಡು ವಿಡಿಯೊ ಗೇಮ್ ಯಂತ್ರಗಳು ಒಂದೇ ದಿನ ಮಾರಾಟಕ್ಕೆ ಬಂದವು. ಒಂದು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್, ಇನ್ನೊಂದು ಸೆಗಾದ ಎಸ್‌ಜಿ-1000. ಅಲ್ಲಿಂದ ಮುಂದಿನ ಕಥೆ ಒಂದು ಕಡೆಗೇ ವಾಲಿತು. ಫ್ಯಾಮಿಕಾಮ್ ಮನೆಮನೆ ಸೇರಿತು. ಸೆಗಾ ತನ್ನ ಯಂತ್ರವನ್ನು ಮತ್ತೆ ಮತ್ತೆ ತಿದ್ದಿ 1985ರ ಅಕ್ಟೋಬರ್ 20ರಂದು ಮಾರ್ಕ್ III ಎಂಬ ಹೆಸರಿನಲ್ಲಿ ತಂದಿತು. ಇದೇ ಯಂತ್ರ 1986ರಲ್ಲಿ ಅಮೆರಿಕಕ್ಕೆ, ಮರುವರ್ಷ ಯುರೋಪಿಗೆ ಮಾಸ್ಟರ್ ಸಿಸ್ಟಮ್ ಎಂಬ ಹೆಸರಿನಲ್ಲಿ ಹೋಯಿತು.

ಕಾಗದದ ಮೇಲಿನ ಲೆಕ್ಕದಲ್ಲಿ ಸೆಗಾ ಯಂತ್ರವೇ ಮೇಲು. ಫ್ಯಾಮಿಕಾಮ್‌ನ ಮುಖ್ಯ ಮೆಮೊರಿ 2 ಕೆಬಿ, ಮಾಸ್ಟರ್ ಸಿಸ್ಟಮ್‌ನದು 8 ಕೆಬಿ. ಬಣ್ಣಗಳೂ ಇಲ್ಲಿ ಹೆಚ್ಚು ಗಾಢ. ಆದರೆ ಮಾರ್ಕ್ III ಬರುವುದಕ್ಕೆ ಐದು ವಾರ ಮೊದಲು, ಸೆಪ್ಟೆಂಬರ್ 13ರಂದು, ನಿಂಟೆಂಡೊ ‘ಸೂಪರ್ ಮಾರಿಯೊ ಬ್ರದರ್ಸ್’ ಬಿಡುಗಡೆ ಮಾಡಿಬಿಟ್ಟಿತ್ತು. ಮೆಟ್ಟಿಲು, ಇಟ್ಟಿಗೆ, ಹಳ್ಳಗಳ ಮೇಲೆ ಜಿಗಿಯುತ್ತ ಸಾಗುವ ಪ್ಲಾಟ್‌ಫಾರ್ಮ್ ಆಟ ಅಂದರೆ ಹೀಗಿರಬೇಕು ಎಂದು ಅದು ತೋರಿಸಿತು. ಯಂತ್ರವನ್ನು ಕೊಳ್ಳುವ ಮಕ್ಕಳು ಮೆಮೊರಿಯ ಲೆಕ್ಕ ಕೇಳುವುದಿಲ್ಲ, ಮಾರಿಯೊ ಇದೆಯೇ ಎಂದು ಕೇಳುತ್ತಾರೆ. ಸೆಗಾಗೆ ಕೂಡ ಒಂದು ಮುಖ ಬೇಕಾಯಿತು.

ಆರ್ಕೇಡ್ ಲೋಕದಲ್ಲಿ ಸೆಗಾ ಆಗಲೇ ದೊಡ್ಡ ಹೆಸರು. 1985ರ ‘ಹ್ಯಾಂಗ್-ಆನ್’, 1986ರ ‘ಔಟ್ ರನ್’ ನಾಣ್ಯ ಹಾಕಿ ಆಡುವ ಅಂಗಡಿಗಳಲ್ಲಿ ಜನರನ್ನು ಸಾಲುಗಟ್ಟಿಸಿದ್ದವು. ಅವುಗಳಲ್ಲಿ ಇದ್ದದ್ದು ಬೈಕು, ಕಾರು. ಮುಖ ಅಂತ ಯಾರದೂ ಇರಲಿಲ್ಲ. 1986ರ ‘ಫ್ಯಾಂಟಸಿ ಜೋನ್’ ಆಟದ ಒಪಾ-ಒಪಾ ಎಂಬ ರೆಕ್ಕೆಯಿರುವ ಪುಟಾಣಿ ಹಡಗನ್ನು ಸೆಗಾದ ಮೊದಲ ಮ್ಯಾಸ್ಕಾಟ್ ಎಂದು ಕರೆಯುವವರಿದ್ದಾರೆ. ಅದು ಮುದ್ದಾಗಿದ್ದದ್ದು ನಿಜ. ಎಷ್ಟಾದರೂ ಹಡಗು ಹಡಗೇ.

ಡ್ರ್ಯಾಗನ್ ಬಾಲ್ ಆಗಬೇಕಾಗಿದ್ದ ಆಟ

‘ಅಲೆಕ್ಸ್ ಕಿಡ್ ಇನ್ ಮಿರಾಕಲ್ ವರ್ಲ್ಡ್’ ಆಟದ ವಿನ್ಯಾಸಕಾರ ಕೊತಾರೊ ಹಯಾಶಿದಾ. ಆಗ ಜಪಾನಿನ ಗೇಮ್ ಕಂಪನಿಗಳಲ್ಲಿ ಕೆಲಸಗಾರರ ನಿಜವಾದ ಹೆಸರು ಪರದೆಯ ಮೇಲೆ ಬರುತ್ತಿರಲಿಲ್ಲ. ಪ್ರತಿಸ್ಪರ್ಧಿಗಳು ಅವರನ್ನು ಸೆಳೆದುಕೊಂಡು ಹೋದಾರೆಂಬ ಭಯ. ಹಾಗಾಗಿ ಹಯಾಶಿದಾ ಕೂಡ ‘ಒಸ್ಸಾಲೆ ಕೊಹ್ತಾ’ ಎಂಬ ಸುಳ್ಳು ಹೆಸರಿನ ಹಿಂದೆ ಇದ್ದರು. ಬಹಳ ವರ್ಷಗಳ ನಂತರ ಅವರೇ ಸಂದರ್ಶನಗಳಲ್ಲಿ ಬಾಯಿಬಿಟ್ಟ ವಿಷಯ ಒಂದಿದೆ. ಈ ಆಟ ಶುರುವಾದದ್ದು ಅಲೆಕ್ಸ್ ಕಿಡ್‌ಗಾಗಿ ಅಲ್ಲವೇ ಅಲ್ಲ. ಅದು ‘ಡ್ರ್ಯಾಗನ್ ಬಾಲ್’ ಆಟ ಆಗಬೇಕಾಗಿತ್ತು.

ಅಕಿರಾ ತೊರಿಯಾಮಾ ಬರೆಯುತ್ತಿದ್ದ ‘ಡ್ರ್ಯಾಗನ್ ಬಾಲ್’ ಚಿತ್ರಕಥೆ 1984ರಲ್ಲಿ ವಾರಪತ್ರಿಕೆಯಲ್ಲಿ ಶುರುವಾಗಿ, 1986ರಲ್ಲಿ ಟಿವಿಗೂ ಬಂದಿತ್ತು. ಬಾಲವಿರುವ, ಕೈಯಲ್ಲಿ ಉದ್ದವಾಗುವ ಕೋಲು ಹಿಡಿದ ಗೊಕು ಅದರ ನಾಯಕ. ಸೆಗಾದ ತಂಡ ಆ ಹುಡುಗನನ್ನು ಇಟ್ಟುಕೊಂಡೇ ಕೆಲಸ ಶುರುಮಾಡಿತ್ತು. ನಡುವೆ ಹಕ್ಕು ಕೈತಪ್ಪಿತು. ಅಷ್ಟು ಹೊತ್ತಿಗೆ ಮಾಡಿದ ಕೆಲಸವನ್ನು ಎಸೆಯುವಂತಿರಲಿಲ್ಲ. ಗೊಕುವನ್ನು ತೆಗೆದರು, ಅವನ ಜಾಗಕ್ಕೆ ಹೊಸ ಹುಡುಗನನ್ನು ಬರೆದರು. ಕೋಲು ಹೋಗಿ ಅದರ ಬದಲು ದೊಡ್ಡ ಮುಷ್ಟಿ ಬಂತು. ಅಲೆಕ್ಸ್‌ನ ಅಗಲ ಕಿವಿ, ಕೆನ್ನೆಯ ಪಕ್ಕದ ಕೂದಲಿನಲ್ಲಿ ಒಂದು ಕೋತಿಮರಿಯ ಛಾಯೆ ಕಂಡರೆ ಅದು ಆಕಸ್ಮಿಕ ಇರಲಾರದು.

ಇನ್ನೊಂದು ಸಂಗತಿಯನ್ನೂ ಹಯಾಶಿದಾ ಹೇಳಿದ್ದಾರೆ. ಮಾರಿಯೊಗಿಂತ ಬೇರೆಯಾಗಿ ಕಾಣಬೇಕು ಎಂಬ ಹಟದಲ್ಲಿ ಜಿಗಿಯುವ ಗುಂಡಿ, ಹೊಡೆಯುವ ಗುಂಡಿ ಎರಡನ್ನೂ ಅದಲುಬದಲು ಮಾಡಿದರಂತೆ. ಆಡುವವನಿಗೆ ಇದರಿಂದ ಯಾವ ಲಾಭವೂ ಇರಲಿಲ್ಲ. ಮಾರಿಯೊ ಆಡಿ ಬಂದ ಹೆಬ್ಬೆರಳು ಜಿಗಿಯಲು ಹೋಗಿ ಗಾಳಿಗೆ ಗುದ್ದುತ್ತಿತ್ತು. ನಕಲು ಅನ್ನಿಸಿಕೊಳ್ಳಬಾರದು ಎಂಬ ಭಯ ಕೆಲವೊಮ್ಮೆ ನಕಲಿಗಿಂತ ಹೆಚ್ಚು ಕೆಡಿಸುತ್ತದೆ. ಮುಂದೆ ಯಂತ್ರದೊಳಗೇ ಸೇರಿಸಿ ಕೊಟ್ಟ ಆವೃತ್ತಿಯಲ್ಲಿ ಸೆಗಾ ಸದ್ದಿಲ್ಲದೆ ಗುಂಡಿಗಳನ್ನು ಮತ್ತೆ ಬದಲಾಯಿಸಿತು.

ಮಿರಾಕಲ್ ವರ್ಲ್ಡ್ ಒಳಗೆ

1986ರ ನವೆಂಬರ್ 1ರಂದು ಜಪಾನಿನಲ್ಲಿ ಬಿಡುಗಡೆಯಾದ ಈ ಆಟದ ಗಾತ್ರ 128 ಕೆಬಿ. ‘ಸೂಪರ್ ಮಾರಿಯೊ ಬ್ರದರ್ಸ್’ 40 ಕೆಬಿ ಇತ್ತು. ಆ ಹೆಚ್ಚಿನ ಜಾಗದಲ್ಲಿ ಹಯಾಶಿದಾ ತಂಡ ಏನೇನು ತುಂಬಿತು ಎಂಬುದೇ ಈ ಆಟದ ಸೊಗಸು.

ಕಥೆ ನಡೆಯುವುದು ಏರೀಸ್ ಎಂಬ ಗ್ರಹದಲ್ಲಿ. ಎಟರ್ನಲ್ ಎಂಬ ಬೆಟ್ಟದ ಮೇಲೆ ಅಲೆಕ್ಸ್ ಏಳು ವರ್ಷ ಶೆಲ್‌ಕೋರ್ ಎಂಬ ಮಲ್ಲವಿದ್ಯೆ ಕಲಿತಿದ್ದಾನೆ. ಮುಷ್ಟಿಯನ್ನು ಊದಿಸಿ ಬಂಡೆ ಒಡೆಯುವುದೇ ಆ ವಿದ್ಯೆ. ರಡಾಕ್ಸಿಯನ್ ನಗರ ಅಪಾಯದಲ್ಲಿದೆ ಎಂದು ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಅವನಿಗೆ ಹೇಳಿ, ಒಂದು ಪದಕ ಮತ್ತು ನಕ್ಷೆಯ ತುಂಡು ಕೊಟ್ಟು ಕಣ್ಣುಮುಚ್ಚುತ್ತಾನೆ. ಮುಂದೆ ಅಲೆಕ್ಸ್‌ಗೆ ಗೊತ್ತಾಗುವುದೇನೆಂದರೆ, ತಾನು ಆ ರಾಜ್ಯದ ಕಳೆದುಹೋದ ರಾಜಕುಮಾರ, ಸೆರೆಯಲ್ಲಿರುವ ಈಗಲ್ ತನ್ನ ಅಣ್ಣ. ಖಳನಾಯಕನ ಹೆಸರು ಜಾಂಕೆನ್.

ಮೊದಲ ಹಂತವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾರಿಯೊ ಎಡದಿಂದ ಬಲಕ್ಕೆ ಓಡುತ್ತಾನೆ. ಅಲೆಕ್ಸ್ ಬೆಟ್ಟದ ತುದಿಯಲ್ಲಿ ನಿಂತಿರುತ್ತಾನೆ, ಆಟ ಕೆಳಗಿಳಿಯುತ್ತದೆ. ಒಂದೊಂದೇ ಚಾಚುಬಂಡೆಯ ಮೇಲೆ ಹಾರಿಕೊಳ್ಳುತ್ತ, ದಾರಿಗೆ ಅಡ್ಡವಿದ್ದ ಕಲ್ಲನ್ನು ಗುದ್ದಿ ಪುಡಿಮಾಡುತ್ತ ಇಳಿಯಬೇಕು. ಪರದೆ ಒಮ್ಮೆ ಕೆಳಗೆ ಸರಿದರೆ ಮತ್ತೆ ಮೇಲೆ ಹೋಗುವಂತಿಲ್ಲ. ಅಡ್ಡಡ್ಡ ಹಾರುವ ಹಕ್ಕಿಗಳು ಬರುತ್ತವೆ. ಅವು ಒಂದು ಸಲ ತಾಗಿದರೆ ಸಾಕು, ಅಲೆಕ್ಸ್ ಸತ್ತು ಅವನ ಆತ್ಮ ಮೇಲಕ್ಕೆ ತೇಲುತ್ತದೆ. ಎರಡನೇ ಏಟು ತಡೆದುಕೊಳ್ಳುವ ಮಾತೇ ಇಲ್ಲ, ಕೈಯಲ್ಲಿರುವ ಲೈಫ್‌ಗಳಲ್ಲಿ ಒಂದು ಹೋಯಿತು. ಕೊನೆಗೆ ಬಂಡೆ ಮುಗಿದು ನೀರು ಬರುತ್ತದೆ. ಅಲ್ಲಿಂದ ಈಜು. ನೀರಿನಡಿಯಲ್ಲಿ ಹುಡುಗ ತಾನಾಗಿ ಮೇಲೆ ತೇಲುತ್ತಾನೆ, ಕೆಳಕ್ಕೆ ಒತ್ತಿ ಹಿಡಿಯಬೇಕು. ಬೆಟ್ಟದ ಮೇಲೆ ಕಲಿತ ಕೈಚಳಕ ಒಂದು ನಿಮಿಷದಲ್ಲಿ ಉಪಯೋಗಕ್ಕೆ ಬಾರದಾಗುತ್ತದೆ. ಹಂತದ ಕೊನೆಯಲ್ಲಿ ತ್ರಿಕೋನ ಆಕಾರದ ಅನ್ನದ ಉಂಡೆ ಇಟ್ಟಿರುತ್ತದೆ. ಅಲೆಕ್ಸ್ ಅದನ್ನು ಕೂತು ತಿಂದರೆ ಆ ಹಂತ ಮುಗಿಯಿತು. ಮಾರಿಯೊ ಬಾವುಟದ ಕಂಬಕ್ಕೆ ಜೋತುಬೀಳುತ್ತಾನೆ, ಈ ಹುಡುಗ ಊಟ ಮಾಡುತ್ತಾನೆ. ಮುಂದಿನ ಆವೃತ್ತಿಯೊಂದರಲ್ಲಿ ಪರದೇಶದ ಮಕ್ಕಳಿಗಾಗಿ ಅನ್ನದ ಉಂಡೆಯನ್ನು ತೆಗೆದು ಹ್ಯಾಂಬರ್ಗರ್ ಇಟ್ಟರು. ಅನ್ನದುಂಡೆಯೇ ಚೆನ್ನಾಗಿತ್ತು.

ನಕ್ಷತ್ರದ ಪೆಟ್ಟಿಗೆ ಒಡೆದರೆ ಹಣದ ಚೀಲ. ಅಲ್ಲಿನ ನಾಣ್ಯಕ್ಕೆ ಬೌಮ್ ಎಂದು ಹೆಸರು. ಪ್ರಶ್ನೆ ಚಿಹ್ನೆಯ ಪೆಟ್ಟಿಗೆಯೊಳಗೆ ಒಂದು ಲೈಫ್ ಇರಬಹುದು, ಶಕ್ತಿಯ ಕಡಗ ಇರಬಹುದು, ಇಲ್ಲವೇ ಬೆನ್ನುಹತ್ತುವ ಭೂತ ಇರಬಹುದು. ತಲೆಬುರುಡೆಯ ಪೆಟ್ಟಿಗೆಯ ತಂಟೆಗೆ ಹೋಗದಿರುವುದು ಒಳ್ಳೆಯದು. ಗಳಿಸಿದ ಹಣವನ್ನು ದಾರಿಯಲ್ಲಿ ಸಿಗುವ ಅಂಗಡಿಯಲ್ಲಿ ಖರ್ಚು ಮಾಡಬಹುದು. ಅಲ್ಲಿ ಮೋಟರ್‌ಸೈಕಲ್ ಮಾರುತ್ತಾರೆ. ಪೆಡಲ್ ತುಳಿದು ಹಾರಿಸುವ ಪುಟ್ಟ ಹೆಲಿಕಾಪ್ಟರ್ ಮಾರುತ್ತಾರೆ. ಸ್ವಲ್ಪ ಹೊತ್ತು ಹಾರಾಡಿಸುವ ಕೋಲು, ಮೈಗೆ ಏನೂ ತಾಗದಂತೆ ಮಾಡುವ ಪುಡಿಯೂ ಸಿಗುತ್ತದೆ.

ಬೈಕಿನ ಹಂತ ಈ ಆಟದ ಅತಿ ಖುಷಿಯ ಭಾಗ. ಬಂಡೆಗಳನ್ನು ಸೀಳಿಕೊಂಡು, ಪ್ರಾಣಿಗಳನ್ನು ಹಾರಿಸಿಕೊಂಡು ಬೈಕ್ ನುಗ್ಗುತ್ತದೆ. ಒಡೆಯಲಾಗದ ಕಲ್ಲಿಗೆ ಡಿಕ್ಕಿ ಹೊಡೆದರೆ ಬೈಕ್ ಹೋಯಿತು. ಆದರೆ ಹುಡುಗ ಸಾಯುವುದಿಲ್ಲ, ಅದೇ ದಾರಿಯನ್ನು ಕಾಲ್ನಡಿಗೆಯಲ್ಲಿ ಮುಗಿಸಬೇಕು. ಹೆಲಿಕಾಪ್ಟರ್‌ಗೂ ಇದೇ ನಿಯಮ. ಒಂದೇ ದಾರಿಯನ್ನು ಎರಡು ಬಗೆಯಲ್ಲಿ ದಾಟಬಹುದು ಎಂಬ ಈ ಯೋಚನೆ 1986ರ ಮಟ್ಟಿಗೆ ತುಂಬಾ ಮುಂದಿತ್ತು. ಆಗಿನ ಎಷ್ಟೋ ಆಟಗಳು ಎಡವಿದವನನ್ನು ನೇರ ಮೊದಲಿಗೇ ಕಳಿಸುತ್ತಿದ್ದವು.

ಆಟ ಮುಗಿದು ಗೇಮ್ ಓವರ್ ಬಂದಾಗಲೂ ಒಂದು ಗುಟ್ಟು ಇತ್ತು. ಕೈಯಲ್ಲಿ 400 ಬೌಮ್ ಉಳಿದಿದ್ದರೆ, ಮೇಲಿನ ದಿಕ್ಕನ್ನು ಒತ್ತಿ ಹಿಡಿದು ಗುಂಡಿಯನ್ನು ಪಟಪಟ ಕುಟ್ಟಿದರೆ ಆಟ ಮುಂದುವರಿಯುತ್ತಿತ್ತು. ಪರದೆಯ ಮೇಲೆ ಇದರ ಸುಳಿವೇ ಇಲ್ಲ. ಗೊತ್ತಿದ್ದವನು ಗೊತ್ತಿಲ್ಲದವನಿಗೆ ಹೇಳಬೇಕು. ಕೊನೆಯ ಕಿರೀಟ ಸಿಗಲು ಸೂರ್ಯ, ಅಲೆ, ಚಂದ್ರ, ನಕ್ಷತ್ರ, ಮೀನಿನ ಗುರುತಿರುವ ಕಲ್ಲುಗಳ ಮೇಲೆ ಸರಿಯಾದ ಕ್ರಮದಲ್ಲಿ ಕಾಲಿಡಬೇಕಿತ್ತು. ಅದರ ಸುಳಿವು ಹಿಂದೆಲ್ಲೋ ಸಿಕ್ಕಿರುತ್ತದೆ. ಸಿಗದೆ ಬಂದವನ ಗತಿ ಹೇಳುವುದು ಬೇಡ.

ಕಲ್ಲು, ಕಾಗದ, ಕತ್ತರಿ

ಅಲೆಕ್ಸ್ ಕಿಡ್ ಬಗ್ಗೆ ಬೇರೆಲ್ಲ ಮರೆತವರಿಗೂ ನೆನಪಿರುವುದು ಇದೊಂದೇ. ಇತರ ಆಟಗಳಲ್ಲಿ ಹಂತದ ಕೊನೆಗೆ ದೊಡ್ಡ ರಾಕ್ಷಸ ಬರುತ್ತಾನೆ, ಹೊಡೆದಾಟ ನಡೆಯುತ್ತದೆ. ಇಲ್ಲಿ ಬರುವವರು ಜಾಂಕೆನ್‌ನ ಮೂವರು ಬಂಟರು: ಗೂಸೆಕಾ, ಚೊಕ್ಕಿನ್ನಾ, ಪಾರ್‌ಪ್ಲಿನ್. ಮೊದಲನೆಯವನ ತಲೆ ಕಲ್ಲಿನ ಮುಷ್ಟಿ, ಎರಡನೆಯವನದು ಕತ್ತರಿ, ಮೂರನೆಯವನದು ಚಾಚಿದ ಅಂಗೈ. ಅವರು ಹೊಡೆದಾಡಲು ಬರುವುದಿಲ್ಲ. ಎದುರು ನಿಂತು ಕಲ್ಲು-ಕಾಗದ-ಕತ್ತರಿ ಆಡೋಣ ಬಾ ಎನ್ನುತ್ತಾರೆ. ನಮ್ಮ ಶಾಲೆಯ ಮಕ್ಕಳು ಯಾರು ಮೊದಲು ಬ್ಯಾಟಿಂಗ್ ಎಂದು ತೀರ್ಮಾನಿಸಲು ಆಡುವ ಅದೇ ಆಟ. ಜಪಾನಿನಲ್ಲಿ ಇದಕ್ಕೆ ಜಾಂಕೆನ್ ಎಂದೇ ಹೆಸರು, ಮಕ್ಕಳು ಮಾತ್ರವಲ್ಲದೆ ದೊಡ್ಡವರೂ ಸಣ್ಣಪುಟ್ಟ ತೀರ್ಮಾನಗಳಿಗೆ ಇದನ್ನೇ ಆಡುತ್ತಾರೆ.

ಸಂಗೀತ ಬದಲಾಗುತ್ತದೆ. ಇಬ್ಬರೂ ಕೈ ಅಲ್ಲಾಡಿಸುತ್ತ ನಿಲ್ಲುತ್ತಾರೆ. ಗುಂಡಿ ಒತ್ತಿದಂತೆಲ್ಲ ಅಲೆಕ್ಸ್‌ನ ಕೈ ಕಲ್ಲು, ಕಾಗದ, ಕತ್ತರಿ ಎಂದು ಬದಲಾಗುತ್ತದೆ. ಹಾಡು ನಿಂತ ಕ್ಷಣ ಕೈ ಹೇಗಿತ್ತೋ ಅದೇ ಉತ್ತರ. ಮೂರರಲ್ಲಿ ಎರಡು ಗೆದ್ದರೆ ಬಂಟ ಸೋತ. ಸೋತರೆ, ಅಷ್ಟು ದೂರ ಬೆವರು ಸುರಿಸಿ ಬಂದವನ ಒಂದು ಲೈಫ್ ಹೋಯಿತು.

ವಿನ್ಯಾಸದ ದೃಷ್ಟಿಯಿಂದ ಇದು ಅನ್ಯಾಯ. ಕೈಚಳಕದಿಂದ ಗೆಲ್ಲುತ್ತ ಬಂದವನನ್ನು ಅದೃಷ್ಟದ ಬಾಗಿಲಲ್ಲಿ ನಿಲ್ಲಿಸುವುದು ಯಾವ ನ್ಯಾಯ ಎಂದು ಆಗಲೂ ಬೈದವರಿದ್ದರು, ಈಗಲೂ ಇದ್ದಾರೆ. ಆದರೆ ಒಳಗಿನ ಮಾತು ಬೇರೆ. ಯಾವ ಬಂಟ ಯಾವ ಸುತ್ತಿನಲ್ಲಿ ಏನು ತೋರಿಸುತ್ತಾನೆ ಎಂಬುದು ಬಹುಮಟ್ಟಿಗೆ ಮೊದಲೇ ನಿಗದಿ. ಒಮ್ಮೆ ಸೋತವನು ನೆನಪಿಟ್ಟುಕೊಂಡರೆ ಮುಂದಿನ ಸಲ ಗೆಲ್ಲುತ್ತಾನೆ. ಮಕ್ಕಳು ಉತ್ತರಗಳನ್ನು ನೋಟ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಳ್ಳುತ್ತಿದ್ದರು. ಎದುರಾಳಿಯ ಮನಸ್ಸಿನಲ್ಲಿರುವುದನ್ನು ಗುಳ್ಳೆಯೊಳಗೆ ತೋರಿಸುವ ಒಂದು ಮಾಯಾಗೋಳವೂ ಆಟದಲ್ಲಿದೆ. ಮುಂದೆ ಅದೇ ಬಂಟರು ಎರಡನೇ ಸಲ ಎದುರಾದಾಗ ಸೋಲನ್ನು ಒಪ್ಪಿಕೊಳ್ಳುವುದಿಲ್ಲ, ಸೋತ ಮೇಲೆ ತಲೆಯನ್ನೇ ಕಳಚಿ ಮೈಮೇಲೆ ಎಸೆಯುತ್ತಾರೆ. ಆಗ ಗುದ್ದಾಟ. ಆಟಕ್ಕೆ ಕರೆದು ಸೋತಮೇಲೆ ಜಗಳ ತೆಗೆಯುವ ಹುಡುಗರನ್ನು ಕಂಡವರಿಗೆ ಇದು ಹೊಸದಲ್ಲ.

ತೊಕುಹಿಕೊ ಉವಾಬೊ ಅವರ ಸಂಗೀತದ ಬಗ್ಗೆ ಒಂದು ಮಾತು. ಮೂರು ಸ್ವರ, ಒಂದು ಗದ್ದಲದ ಸದ್ದು, ಇಷ್ಟನ್ನೇ ನುಡಿಸಬಲ್ಲ ಚಿಪ್‌ನಿಂದ ಅವರು ತೆಗೆದ ಮುಖ್ಯ ರಾಗ ಎರಡು ಸಲ ಕೇಳಿದರೆ ಮೂರನೇ ಸಲ ನಾವೇ ಗುನುಗುತ್ತಿರುತ್ತೇವೆ.

ಆರು ಆಟ, ಆರು ದಿಕ್ಕು

ಎಡವಟ್ಟು ಶುರುವಾಗುವುದು ಇಲ್ಲಿಂದ. ಒಳ್ಳೆಯ ಮೊದಲ ಆಟ ಕೈಯಲ್ಲಿತ್ತು. ಅದನ್ನೇ ತಿದ್ದಿ ತೀಡಿ ಎರಡನೆಯದನ್ನು ಮಾಡುವುದು ಸಹಜ. ನಿಂಟೆಂಡೊ ಮಾರಿಯೊ ವಿಷಯದಲ್ಲಿ ಮಾಡಿದ್ದು ಅದನ್ನೇ. ಜಿಗಿತದ ಅಳತೆ, ಓಟದ ವೇಗ, ಅಣಬೆ ತಿಂದರೆ ಬೆಳೆಯುವುದು, ಇವು ಒಂದು ಆಟದಿಂದ ಇನ್ನೊಂದಕ್ಕೆ ಹೋಗುವಾಗ ಆಡುವವರ ಕೈಗೆ ಪರಿಚಿತವಾಗಿಯೇ ಉಳಿದವು.

ಸೆಗಾ 1986ರಲ್ಲೇ ಆರ್ಕೇಡ್‌ಗೆ ‘ಅಲೆಕ್ಸ್ ಕಿಡ್: ದಿ ಲಾಸ್ಟ್ ಸ್ಟಾರ್ಸ್’ ಎಂಬ ಇನ್ನೊಂದು ಆಟ ತಂದಿತು. ಇದರಲ್ಲಿ ಗುದ್ದುವ ಮುಷ್ಟಿಯೇ ಇಲ್ಲ. ಅಂಗಡಿಯಿಲ್ಲ, ಬೈಕಿಲ್ಲ, ಕಲ್ಲು-ಕಾಗದ-ಕತ್ತರಿಯಿಲ್ಲ. ಹನ್ನೆರಡು ರಾಶಿಗಳ ಚಿಹ್ನೆಯನ್ನು ಹುಡುಕುತ್ತ ಓಡುವ ಕೆಲಸ ಮಾತ್ರ. 1988ರಲ್ಲಿ ಇದು ಮಾಸ್ಟರ್ ಸಿಸ್ಟಮ್‌ಗೂ ಬಂತು. 1987ರ ‘ಅಲೆಕ್ಸ್ ಕಿಡ್ ಬಿಎಂಎಕ್ಸ್ ಟ್ರಯಲ್’ ಒಂದು ಸೈಕಲ್ ಆಟ, ಜಪಾನಿನಲ್ಲಿ ಮಾತ್ರ ಸಿಕ್ಕಿತು. ಅದನ್ನಾಡಲು ತಿರುಗಿಸುವ ನಾಬ್ ಇರುವ ಪ್ರತ್ಯೇಕ ಪ್ಯಾಡಲ್ ಬೇಕಿತ್ತು.

‘ಅಲೆಕ್ಸ್ ಕಿಡ್: ಹೈ-ಟೆಕ್ ವರ್ಲ್ಡ್’ ಕಥೆಯಂತೂ ಬೇರೆಯೇ. ಇದು ಅಲೆಕ್ಸ್ ಕಿಡ್ ಆಟವೇ ಅಲ್ಲ. ಜಪಾನಿನಲ್ಲಿ 1987ರಲ್ಲಿ ‘ಅನ್ಮಿತ್ಸು ಹಿಮೆ’ ಎಂಬ ಜನಪ್ರಿಯ ಚಿತ್ರಕಥೆಯನ್ನು ಆಧರಿಸಿ ಸೆಗಾ ಒಂದು ಆಟ ಮಾಡಿತ್ತು. ತುಂಟ ರಾಜಕುಮಾರಿಯೊಬ್ಬಳು ಅರಮನೆಯಿಂದ ತಪ್ಪಿಸಿಕೊಂಡು ಹೊಸದಾಗಿ ತೆರೆದ ಕೇಕ್ ಅಂಗಡಿಗೆ ಹೋಗುವ ಕಥೆ ಅದು. ಹೊರದೇಶಗಳಲ್ಲಿ ಆ ರಾಜಕುಮಾರಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ 1989ರಲ್ಲಿ ಅವಳ ಚಿತ್ರದ ಮೇಲೆ ಅಲೆಕ್ಸ್‌ನನ್ನು ಬರೆದರು. ಕೇಕ್ ಅಂಗಡಿಯ ಬದಲು ಸೆಗಾ ಆಟಗಳಿರುವ ಆರ್ಕೇಡ್ ಬಂತು. ಹರಿದ ನಕ್ಷೆಯ ಎಂಟು ತುಂಡುಗಳನ್ನು ಅರಮನೆಯಲ್ಲಿ ಹುಡುಕಿ, ಸಂಜೆ ಐದಕ್ಕೆ ಆರ್ಕೇಡ್ ಮುಚ್ಚುವುದರೊಳಗೆ ಅಲ್ಲಿಗೆ ತಲುಪಬೇಕು. ಆಟದ ಬಹುಪಾಲು ಅರಮನೆಯ ಕೋಣೆಗಳಲ್ಲಿ ಅವರಿವರ ಜೊತೆ ಮಾತಾಡುವುದರಲ್ಲೇ ಕಳೆಯುತ್ತದೆ. ಬೆಟ್ಟದಿಂದ ಬಂಡೆ ಒಡೆಯುತ್ತ ಇಳಿದ ಹುಡುಗನನ್ನು ಹುಡುಕಿ ದುಡ್ಡು ಕೊಟ್ಟು ಕೊಂಡ ಮಕ್ಕಳಿಗೆ ಸಿಕ್ಕಿದ್ದು ಇದು.

ಅಸಲಿ ಮುಂದುವರಿಕೆ ಎನ್ನಬಹುದಾದದ್ದು ಬಂದದ್ದು 1989ರ ಫೆಬ್ರವರಿಯಲ್ಲಿ, ಹೊಸ 16-ಬಿಟ್ ಯಂತ್ರ ಮೆಗಾ ಡ್ರೈವ್‌ಗೆ. ‘ಅಲೆಕ್ಸ್ ಕಿಡ್ ಇನ್ ದಿ ಎನ್‌ಚಾಂಟೆಡ್ ಕ್ಯಾಸಲ್’ ಆಟದಲ್ಲಿ ಅವನು ಕಾಣೆಯಾದ ತಂದೆ, ಅಂದರೆ ರಾಜ ಥಂಡರ್‌ನನ್ನು ಹುಡುಕಿ ಪೇಪರಾಕ್ ಎಂಬ ಗ್ರಹಕ್ಕೆ ಹೋಗುತ್ತಾನೆ. ಕಲ್ಲು-ಕಾಗದ-ಕತ್ತರಿ ಮರಳಿ ಬಂತು, ಅದೂ ಬಾಜಿ ಕಟ್ಟುವ ರೂಪದಲ್ಲಿ. ಜಪಾನೀ ಆವೃತ್ತಿಯಲ್ಲಿ ಸೋತವರ ಬಟ್ಟೆ ಕಳಚಿ ಬೀಳುತ್ತದೆ. ಪಶ್ಚಿಮದ ದೇಶಗಳಿಗೆ ಕಳಿಸುವಾಗ ಅದನ್ನು ತೆಗೆದು, ಸೋತವರ ತಲೆಮೇಲೆ ಭಾರದ ಕಲ್ಲು ಬೀಳುವಂತೆ ಮಾಡಿದರು. ಆದರೆ ಹೊಸ ಯಂತ್ರದ ಶಕ್ತಿ ತೋರಿಸಬೇಕಿದ್ದ ಆಟ ಹಳೆಯ ಯಂತ್ರದ್ದರ ಹಾಗೆಯೇ ಕಂಡಿತು. ಚಿತ್ರಗಳು ದೊಡ್ಡದಾದವು ಅಷ್ಟೆ. ಹುಡುಗನ ಕಾಲು ಜಾರುವುದು ಮಾತ್ರ ಇನ್ನೂ ಹೆಚ್ಚಾಯಿತು.

ಕೊನೆಯದು 1990ರ ‘ಅಲೆಕ್ಸ್ ಕಿಡ್ ಇನ್ ಶಿನೋಬಿ ವರ್ಲ್ಡ್’. ಸೆಗಾದ್ದೇ ಆದ ‘ಶಿನೋಬಿ’ ಎಂಬ ಗಂಭೀರ ನಿಂಜಾ ಆಟವನ್ನು ಗೇಲಿ ಮಾಡಿ ಬರೆದ ಆಟ ಇದು. ಅಲೆಕ್ಸ್ ಕೈಯಲ್ಲಿ ಮುಷ್ಟಿ ಹೋಗಿ ಕತ್ತಿ ಬಂತು. ಮೊದಲ ಹಂತದ ಖಳನನ್ನು ಮೊದಲು ಮಾರಿಯೊ ಹಾಗೆಯೇ ಬರೆದು, ಅವನಿಗೆ ಮಾರಿ-ಓ ಎಂದು ಹೆಸರಿಟ್ಟಿದ್ದರು. ಬಿಡುಗಡೆಗೆ ಮುಂಚೆ ಬುದ್ಧಿ ಬಂದು ಹೆಸರನ್ನು ಕಬುತೊ ಎಂದು ಬದಲಿಸಿದರು. ವಿಚಿತ್ರವೆಂದರೆ ಇಷ್ಟು ಜಪಾನೀ ವೇಷದ ಆಟ ಜಪಾನಿನಲ್ಲಿ ಬಿಡುಗಡೆಯಾಗಲೇ ಇಲ್ಲ. ಆಡಲು ಮಾತ್ರ ಹಿತವಾದ ಆಟ, ಸುಲಭದ್ದು ಕೂಡ.

ಒಟ್ಟಿಗಿಟ್ಟು ನೋಡಿ: ಗುದ್ದುವವನು, ಓಡುವವನು, ಸೈಕಲ್ ಸವಾರ, ರಾಜಕುಮಾರಿಯ ಬದಲಿ, ಮತ್ತೆ ಗುದ್ದುವವನು, ನಿಂಜಾ. ನಾಲ್ಕು ವರ್ಷದಲ್ಲಿ ಇಷ್ಟು ವೇಷ ಹಾಕಿದ ಹುಡುಗನನ್ನು ಮಕ್ಕಳು ಯಾವುದರಿಂದ ಗುರುತಿಸಬೇಕು?

ಯಂತ್ರದೊಳಗಿನ ವಾಸ

ಇಷ್ಟಾದರೂ ಕೆಲವು ದೇಶಗಳಲ್ಲಿ ಅಲೆಕ್ಸ್ ಕಿಡ್ ಮನೆಮಾತಾದ. ಕಾರಣ ಸರಳ. 1990ರಲ್ಲಿ ಸೆಗಾ ಅಗ್ಗದ ಬೆಲೆಯ ಮಾಸ್ಟರ್ ಸಿಸ್ಟಮ್ II ತಂದಾಗ ‘ಮಿರಾಕಲ್ ವರ್ಲ್ಡ್’ ಆಟವನ್ನು ಯಂತ್ರದ ಚಿಪ್‌ನೊಳಗೇ ತುಂಬಿತು. ಕ್ಯಾಸೆಟ್ ಹಾಕದೆ ಸ್ವಿಚ್ ಒತ್ತಿದರೆ ಅಲೆಕ್ಸ್ ಹಾಜರ್. ಬೇರೆ ಕ್ಯಾಸೆಟ್ ಕೊಳ್ಳಲು ದುಡ್ಡಿಲ್ಲದ ಮನೆಗಳಲ್ಲಿ ತಿಂಗಳುಗಟ್ಟಲೆ ಆಡಿದ್ದು ಅದೊಂದನ್ನೇ. ಬ್ರಿಟನ್‌ನಂಥ ಯುರೋಪಿನ ದೇಶಗಳಲ್ಲಿ, ಆಸ್ಟ್ರೇಲಿಯಾದಲ್ಲಿ ಈಗ ನಲವತ್ತು ದಾಟಿದವರಿಗೆ ಅವನು ಗೊತ್ತಿರುವುದು ಹೀಗೆ.

ಬ್ರೆಜಿಲ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಟೆಕ್‌ಟಾಯ್ ಎಂಬ ಸ್ಥಳೀಯ ಕಂಪನಿ 1989ರಿಂದ ಮಾಸ್ಟರ್ ಸಿಸ್ಟಮ್ ತಯಾರಿಸಿ ಮಾರಿತು. ಬೇರೆ ದೇಶಗಳಲ್ಲಿ ಆ ಯಂತ್ರ ಕಣ್ಮರೆಯಾಗಿ ದಶಕಗಳಾದ ಮೇಲೂ ಅಲ್ಲಿ ಅದರ ಹೊಸ ಹೊಸ ರೂಪಗಳು ಮಾರಾಟವಾಗುತ್ತಲೇ ಇದ್ದವು. ಅಲೆಕ್ಸ್ ಕಿಡ್ ಹೆಸರು ಇಂದಿಗೂ ಅಲ್ಲಿ ನೆನಪಿದೆ.

ಅಮೆರಿಕದಲ್ಲಿ ಹಾಗಾಗಲಿಲ್ಲ. ತನ್ನ ಯಂತ್ರಕ್ಕೆ ಆಟ ಬರೆದುಕೊಡುವ ಕಂಪನಿಗಳು ಅದೇ ಆಟವನ್ನು ಎರಡು ವರ್ಷ ಬೇರೆ ಯಂತ್ರಕ್ಕೆ ಕೊಡಕೂಡದು ಎಂದು ನಿಂಟೆಂಡೊ ಒಪ್ಪಂದ ಮಾಡಿಕೊಂಡಿತ್ತು. ಸೆಗಾ ತನ್ನ ಆಟಗಳನ್ನು ಹೆಚ್ಚುಕಡಿಮೆ ತಾನೇ ಬರೆದುಕೊಳ್ಳಬೇಕಾಯಿತು. ಆಟಗಳೇ ಕಡಿಮೆ ಇದ್ದ ಯಂತ್ರವನ್ನು ಜನ ಕೊಳ್ಳಲಿಲ್ಲ. ಕೊಳ್ಳದ ಯಂತ್ರದ ನಾಯಕ ಯಾರಿಗೂ ಪರಿಚಯವಾಗಲಿಲ್ಲ.

ಸೋನಿಕ್ ಬಂದ ಮೇಲೆ

ಮಾರಿಯೊಗೆ ಎದುರು ನಿಲ್ಲುವ ಹೊಸ ಪಾತ್ರ ಬೇಕು ಎಂದು ಸೆಗಾದ ಮುಖ್ಯಸ್ಥ ಹಯಾಓ ನಕಾಯಾಮಾ ತಂಡಗಳಿಗೆ ಹೇಳಿದರು. ನಾಓತೊ ಓಶಿಮಾ ಬರೆದ ಚಿತ್ರ, ಯೂಜಿ ನಾಕಾ ಅವರ ಪ್ರೋಗ್ರಾಂ, ಹಿರೊಕಾಜು ಯಾಸುಹಾರಾ ಅವರ ಹಂತಗಳ ವಿನ್ಯಾಸ ಸೇರಿ 1991ರ ಜೂನ್ 23ರಂದು ಸೋನಿಕ್ ಅಮೆರಿಕದಲ್ಲಿ ಹೊರಬಂದ. ಸೋನಿಕ್ ವಿಷಯದಲ್ಲಿ ಸೆಗಾಗೆ ಗೊಂದಲವೇ ಇರಲಿಲ್ಲ. ಅವನ ಕೆಲಸ ವೇಗವಾಗಿ ಓಡುವುದು, ಉರುಳುವುದು. ಎರಡನೇ ಆಟದಲ್ಲೂ ಅದೇ, ಮೂರನೆಯದರಲ್ಲೂ ಅದೇ. ಅಲೆಕ್ಸ್‌ಗೆ ಸಿಗದೆ ಹೋದದ್ದು ಸೋನಿಕ್‌ಗೆ ಮೊದಲ ದಿನವೇ ಸಿಕ್ಕಿತು.

ಸೋನಿಕ್‌ನ 8-ಬಿಟ್ ಆವೃತ್ತಿ ಮಾಸ್ಟರ್ ಸಿಸ್ಟಮ್‌ಗೂ ಬಂತು. ಆಮೇಲೆ ತಯಾರಾದ ಮಾಸ್ಟರ್ ಸಿಸ್ಟಮ್ II ಯಂತ್ರಗಳಲ್ಲಿ ಅಲೆಕ್ಸ್‌ನನ್ನು ತೆಗೆದು ಸೋನಿಕ್‌ನನ್ನು ತುಂಬಿದರು. ಹಳೆಯ ಬಾಡಿಗೆದಾರನ ಮನೆ ಖಾಲಿ ಮಾಡಿಸಿ ಹೊಸಬನಿಗೆ ಬೀಗದಕೈ ಕೊಟ್ಟ ಹಾಗೆ.

ಅಲೆಕ್ಸ್‌ನನ್ನು ಮಾಡಿದವರು ಮಾತ್ರ ಎಲ್ಲೂ ಕಳೆದುಹೋಗಲಿಲ್ಲ. ಹಯಾಶಿದಾ 1987ರ ‘ಫ್ಯಾಂಟಸಿ ಸ್ಟಾರ್’ ಎಂಬ ಹೆಸರಾಂತ ಪಾತ್ರಾಭಿನಯದ (ರೋಲ್-ಪ್ಲೇಯಿಂಗ್) ಆಟದ ಯೋಜನೆಯಲ್ಲಿ ಮುಖ್ಯರಾಗಿದ್ದರು. ಅದರ ಚಿತ್ರಗಳ ಹೊಣೆ ಹೊತ್ತಿದ್ದ ರಿಯೆಕೊ ಕೊದಾಮಾ ‘ಮಿರಾಕಲ್ ವರ್ಲ್ಡ್’ನಲ್ಲೂ ಕೆಲಸ ಮಾಡಿದ್ದವರು. ಗೇಮ್ ಉದ್ಯಮದಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಅವರು ಸೆಗಾದಲ್ಲಿ ದೊಡ್ಡ ಹೆಸರು ಮಾಡಿದರು. 2022ರಲ್ಲಿ ತೀರಿಕೊಂಡರು. ‘ಫ್ಯಾಂಟಸಿ ಸ್ಟಾರ್’ನ ಪ್ರೋಗ್ರಾಂ ಬರೆದವರು ಯಾರೆಂದರೆ ಅದೇ ಯೂಜಿ ನಾಕಾ. ಸೋನಿಕ್ ಹುಟ್ಟಿದ್ದು ಅಲೆಕ್ಸ್‌ನ ಅಕ್ಕಪಕ್ಕದ ಮೇಜುಗಳಲ್ಲೇ.

ಭಾರತಕ್ಕೆ ಬಾರದ ಹುಡುಗ

ತೊಂಬತ್ತರ ದಶಕದಲ್ಲಿ ಕರ್ನಾಟಕದ ಮಕ್ಕಳು ‘ಟಿವಿ ಗೇಮ್’ ಎಂದು ಕರೆದದ್ದು ಹೆಚ್ಚಾಗಿ ಫ್ಯಾಮಿಕಾಮ್‌ನ ನಕಲಿ ಯಂತ್ರಗಳನ್ನು. ಸಾವಿರಾರು ಆಟ ಇವೆ ಎಂದು ಮೇಲೆ ಬರೆದಿದ್ದು, ಒಳಗೆ ಅವೇ ಹತ್ತಿಪ್ಪತ್ತು ಆಟಗಳು ತಿರುಗಿ ತಿರುಗಿ ಬರುತ್ತಿದ್ದ ಕ್ಯಾಸೆಟ್‌ಗಳು ಅವುಗಳ ಜೊತೆಗೇ ಸಿಗುತ್ತಿದ್ದವು. ಹಾಗಾಗಿ ಮಾರಿಯೊ, ಕಾಂಟ್ರಾದಂಥ ಆಟಗಳು ಎಲ್ಲರಿಗೂ ಗೊತ್ತು. ಆ ಯಂತ್ರಗಳಲ್ಲಿ ಸೆಗಾದ ಕ್ಯಾಸೆಟ್ ಕೂರುವುದೇ ಇಲ್ಲ. ಸೆಗಾ ಭಾರತಕ್ಕೆ ಬಂದದ್ದು ತಡವಾಗಿ. 1995ರಲ್ಲಿ ಶಾ ವಾಲೇಸ್ ಕಂಪನಿಯ ಮೂಲಕ ಮೆಗಾ ಡ್ರೈವ್ ಮಾರಾಟ ಶುರುವಾಯಿತು. ಶೇ 80ರ ಆಮದು ಸುಂಕವನ್ನು ತಪ್ಪಿಸಿಕೊಳ್ಳಲು ಮಾಡಿಕೊಂಡ ಒಪ್ಪಂದ ಅದು. ಹಾಗಿದ್ದೂ ಬೆಲೆ 18,000 ರೂಪಾಯಿ. ಸಂಬಳದಾರರ ಮನೆಗೆ ಅದು ಸ್ಕೂಟರ್ ಕೊಳ್ಳುವ ಮಟ್ಟದ ಲೆಕ್ಕ. ಅಷ್ಟು ಹೊತ್ತಿಗೆ ಸೆಗಾ ಜಾಹೀರಾತಿನಲ್ಲಿ ಸೋನಿಕ್ ಇದ್ದ. ಅಲೆಕ್ಸ್ ಇರಲಿಲ್ಲ.

ಮರಳಿ ಬಂದದ್ದು

ಸೆಗಾ ತನ್ನ ಹಳೆಯ ಹುಡುಗನನ್ನು ಆಗಾಗ ತಮಾಷೆಗೆ ಕರೆದದ್ದುಂಟು. 2001ರಲ್ಲಿ ಡ್ರೀಮ್‌ಕಾಸ್ಟ್ ಯಂತ್ರಕ್ಕೆ ಬಂದ ‘ಸೆಗಾಗಾಗಾ’ ಸೆಗಾ ಕಂಪನಿಯನ್ನೇ ಮುಳುಗದಂತೆ ಕಾಪಾಡುವ ವಿಚಿತ್ರ ಆಟ. ಅದರಲ್ಲಿ ಅಲೆಕ್ಸ್ ಅಂಗಡಿಯೊಂದರ ಕೆಲಸದವನಾಗಿ ಸಿಗುತ್ತಾನೆ, ತಾನು ಕುರ್ಚಿ ಕಳೆದುಕೊಂಡ ಕಥೆ ಹೇಳಿಕೊಳ್ಳುತ್ತಾನೆ. 2008ರ ಟೆನಿಸ್ ಆಟದಲ್ಲಿ, 2010ರ ರೇಸಿಂಗ್ ಆಟದಲ್ಲಿ ಸೋನಿಕ್ ಜೊತೆಗಿನ ಗುಂಪಿನಲ್ಲಿ ಅವನಿದ್ದ. ರೇಸಿಂಗ್ ಆಟದಲ್ಲಿ ತನ್ನ ಹಳೆಯ ಬೈಕ್ ಮೇಲೇ ಬಂದ.

ನಿಜವಾದ ಮರುಹುಟ್ಟು ಸೆಗಾದ ಒಳಗಿನಿಂದ ಬರಲಿಲ್ಲ. ಸ್ಪೇನ್ ದೇಶದ ಕೆಲವು ಅಭಿಮಾನಿಗಳು ‘ಮಿರಾಕಲ್ ವರ್ಲ್ಡ್’ ಆಟವನ್ನು ತಮ್ಮ ಖುಷಿಗೆ ಹೊಸದಾಗಿ ಚಿತ್ರಿಸತೊಡಗಿದ್ದರು. ಜಾಂಕೆನ್‌ಟೀಮ್ ಎಂದು ಹೆಸರಿಟ್ಟುಕೊಂಡ ಆ ತಂಡಕ್ಕೆ ಸೆಗಾದ ಅನುಮತಿ ಸಿಕ್ಕಿ, 2021ರ ಜೂನ್‌ನಲ್ಲಿ ‘ಅಲೆಕ್ಸ್ ಕಿಡ್ ಇನ್ ಮಿರಾಕಲ್ ವರ್ಲ್ಡ್ ಡಿಎಕ್ಸ್’ ಮರ್ಜ್ ಗೇಮ್ಸ್ ಮೂಲಕ ಬಿಡುಗಡೆಯಾಯಿತು. ಹಿನ್ನೆಲೆಯ ಕಾಡು, ಹಳ್ಳಿ, ನೀರು ಎಲ್ಲವನ್ನೂ ಹೊಸದಾಗಿ ಬರೆದಿದ್ದಾರೆ. ಆಡುತ್ತಿರುವಾಗಲೇ ಒಂದು ಗುಂಡಿ ಒತ್ತಿದರೆ ಪರದೆ 1986ರ ಚಿತ್ರಗಳಿಗೆ ತಿರುಗುತ್ತದೆ, ಮತ್ತೊಮ್ಮೆ ಒತ್ತಿದರೆ ಹೊಸದಕ್ಕೆ. ಸಾಯುವುದು ಮಾತ್ರ ಎರಡರಲ್ಲೂ ಒಂದೇ ಏಟಿಗೆ. ಸಹನೆ ಇಲ್ಲದವರಿಗೆ ಲೈಫ್ ಮುಗಿಯದಂತೆ ಮಾಡಿಕೊಳ್ಳುವ ಸೌಲಭ್ಯ ಕೊಟ್ಟಿದ್ದಾರೆ, ಅದನ್ನು ಬಳಸಿಕೊಳ್ಳುವುದರಲ್ಲಿ ನಾಚಿಕೆ ಬೇಕಿಲ್ಲ.

ಅಲೆಕ್ಸ್‌ನನ್ನು ಮೊದಲ ಬಾರಿಗೆ ನೋಡುವವರು ಈ ಡಿಎಕ್ಸ್ ಆವೃತ್ತಿಯಿಂದಲೇ ಶುರುಮಾಡಲಿ. ಇಷ್ಟವಾದರೆ ‘ಶಿನೋಬಿ ವರ್ಲ್ಡ್’ಗೆ ಒಂದು ಸಂಜೆ ಕೊಡಬಹುದು. ಉಳಿದ ನಾಲ್ಕನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.